ಸಿ ಭಾಷೆಯಲ್ಲಿ ವೇರಿಯಬಲ್‌ಗಳು ತಾವಾಗಿಯೇ ಸೊನ್ನೆಯಿಂದ ಶುರುವಾಗುತ್ತವೆಯೇ?

ಪ್ರೋಗ್ರಾಮಿಂಗ್ ಕಲಿಯುವವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕೇಳಿಬರುವ ಮಾತಿದು: "ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ವೇರಿಯಬಲ್‌ಗೆ ಬೆಲೆ ಕೊಡದಿದ್ದರೂ ಚಿಂತೆಯಿಲ್ಲ, ಕಂಪ್ಯೂಟರ್ ತಾನಾಗಿಯೇ ಸೊನ್ನೆ ಇಟ್ಟುಕೊಳ್ಳುತ್ತದೆ." ಇದು ನಿಜವೇ? ನೋಡೋಣ.

ಚುಟುಕಾಗಿ ಹೇಳುವುದಾದರೆ

ಈ ಮಾತು ಅರ್ಧ ಸತ್ಯ. ಕೆಲವು ವೇರಿಯಬಲ್‌ಗಳಿಗೆ ಸೊನ್ನೆ ಖಚಿತ, ಕೆಲವಕ್ಕೆ ಯಾವ ಖಾತರಿಯೂ ಇಲ್ಲ. ಅಪಾಯ ಇರುವುದು ಎರಡನೆಯ ಗುಂಪಿನಲ್ಲಿ.

ಯಾವುದಕ್ಕೆ ಸೊನ್ನೆ, ಯಾವುದಕ್ಕೆ ಇಲ್ಲ?

ಎಲ್ಲ ಫಂಕ್ಷನ್‌ಗಳ ಹೊರಗೆ ಬರೆದ ಗ್ಲೋಬಲ್ ವೇರಿಯಬಲ್‌ಗಳು ಮತ್ತು 'ಸ್ಟ್ಯಾಟಿಕ್' ಎಂದು ಗುರುತಿಸಿದವು ಸೊನ್ನೆಯಿಂದಲೇ ಶುರುವಾಗುತ್ತವೆ. ಇದು ಭಾಷೆಯ ನಿಯಮ.

ಫಂಕ್ಷನ್‌ನ ಒಳಗೆ ಬರೆದ ಸಾಮಾನ್ಯ ಲೋಕಲ್ ವೇರಿಯಬಲ್‌ಗಳ ಕಥೆ ಬೇರೆ. ಇವುಗಳಿಗೆ ಸ್ಟ್ಯಾಕ್ ಎಂಬ ಮೆಮೊರಿ ಭಾಗದಲ್ಲಿ ಜಾಗ ಸಿಗುತ್ತದೆ. ಒಂದು ಫಂಕ್ಷನ್ ಮುಗಿದ ಮೇಲೆ ಅದೇ ಜಾಗ ಇನ್ನೊಂದಕ್ಕೆ ಹೋಗುತ್ತದೆ, ನಡುವೆ ಯಾರೂ ಒರೆಸುವುದಿಲ್ಲ. ಹಿಂದಿನ ತರಗತಿಯ ಮಕ್ಕಳು ಬರೆದ ಸ್ಲೇಟನ್ನು ಒರೆಸದೆ ಮುಂದಿನವರ ಕೈಗೆ ಕೊಟ್ಟಂತೆ. ಅದರಲ್ಲಿ ಏನಿದೆಯೋ ಅದೇ ನಿಮ್ಮ ವೇರಿಯಬಲ್‌ನ ಬೆಲೆ. ಇದನ್ನೇ 'ಗಾರ್ಬೇಜ್ ವ್ಯಾಲ್ಯೂ' ಎನ್ನುತ್ತಾರೆ.

ಆಬ್ಜೆಕ್ಟ್‌ಗಳ ವಿಷಯವೇನು?

ಸಿ ಪ್ಲಸ್ ಪ್ಲಸ್‌ನಲ್ಲಿ ಆಬ್ಜೆಕ್ಟ್ ಹುಟ್ಟುವಾಗ ಅದರ ಕನ್‌ಸ್ಟ್ರಕ್ಟರ್ ಕೆಲಸ ಮಾಡುತ್ತದೆ. ಹಾಗಾಗಿ ಸ್ಟ್ರಿಂಗ್, ವೆಕ್ಟರ್‌ನಂಥವು ಖಾಲಿಯಾಗಿಯೇ ಶುರುವಾಗುತ್ತವೆ. ಆದರೆ ನೀವೇ ಬರೆದ ಕ್ಲಾಸಿನೊಳಗಿನ ಇಂಟ್ ಸದಸ್ಯನಿಗೆ ಬೆಲೆ ಕೊಡದಿದ್ದರೆ, ಲೋಕಲ್ ಆಬ್ಜೆಕ್ಟ್‌ನಲ್ಲಿ ಅದೂ ಕಸದಿಂದಲೇ ಶುರುವಾಗಬಹುದು. ಇನ್ನೊಂದು ವಿಷಯ: ಸದಸ್ಯರಿಗೆ ಬೆಲೆ ಸಿಗುವುದು ಕ್ಲಾಸಿನಲ್ಲಿ ಅವುಗಳನ್ನು ಘೋಷಿಸಿದ ಕ್ರಮದಲ್ಲಿ, ಕನ್‌ಸ್ಟ್ರಕ್ಟರ್‌ನ ಪಟ್ಟಿಯಲ್ಲಿ ನೀವು ಬರೆದ ಕ್ರಮದಲ್ಲಿ ಅಲ್ಲ.

"ನಾನು ನೋಡಿದಾಗ ಸೊನ್ನೆಯೇ ಬಂತಲ್ಲ?"

ಬರಬಹುದು. ಆಪರೇಟಿಂಗ್ ಸಿಸ್ಟಂ ಒಂದು ಪ್ರೋಗ್ರಾಂಗೆ ಹೊಸ ಮೆಮೊರಿ ಕೊಡುವಾಗ, ಬೇರೆ ಪ್ರೋಗ್ರಾಂನ ಗುಟ್ಟು ಸೋರದಿರಲೆಂದು ಸಾಮಾನ್ಯವಾಗಿ ಅದನ್ನು ಸೊನ್ನೆ ಮಾಡಿ ಕೊಡುತ್ತದೆ. ಇನ್ನೂ ಯಾರೂ ಬಳಸದ ಜಾಗ ನಿಮ್ಮ ವೇರಿಯಬಲ್‌ಗೆ ಸಿಕ್ಕರೆ ಸೊನ್ನೆ ಕಾಣುತ್ತದೆ. ಅದು ಅದೃಷ್ಟವೇ ಹೊರತು ನಿಯಮವಲ್ಲ. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್‌ನ ಡೀಬಗ್ ಬಿಲ್ಡ್‌ನಲ್ಲಿ -858993460 ಎಂಬ ವಿಚಿತ್ರ ಸಂಖ್ಯೆಯನ್ನು ಹಲವರು ಕಂಡಿರುತ್ತಾರೆ. ತಪ್ಪು ಬೇಗ ಕಣ್ಣಿಗೆ ಬೀಳಲೆಂದು ಬೇಕೆಂದೇ ತುಂಬಿದ ಗುರುತು ಅದು.

ಇದರಿಂದ ನಮಗೇನು ತೊಂದರೆ?

ತಪ್ಪು ಲೆಕ್ಕ ಒಂದು ತೊಂದರೆ. ಅದು ಒಂದು ಫೋನಿನಲ್ಲಿ ಸರಿಯಾಗಿ ಬಂದು ಇನ್ನೊಂದರಲ್ಲಿ ಕೆಡಬಹುದು, ಪರೀಕ್ಷೆಯಲ್ಲಿ ಸಿಕ್ಕಿಬೀಳದೆಯೂ ಇರಬಹುದು. ಅದಕ್ಕಿಂತ ದೊಡ್ಡದು ಮಾಹಿತಿ ಸೋರಿಕೆ. ಒರೆಸದ ಜಾಗದಲ್ಲಿ ಹಿಂದಿನ ಪಾಸ್‌ವರ್ಡ್‌ನ ತುಣುಕು ಉಳಿದಿದ್ದು, ಆ್ಯಪ್ ಅದನ್ನು ಹಾಗೇ ಹೊರಗೆ ಕಳಿಸಿದರೆ? ಈ ಬಗೆಯ ಅಪಾಯ ತಗ್ಗಿಸಲೆಂದೇ 2020ರಲ್ಲಿ ಬಂದ ಆಂಡ್ರಾಯ್ಡ್ 11ರಲ್ಲಿ, ವ್ಯವಸ್ಥೆಯ ಸಿ ಮತ್ತು ಸಿ ಪ್ಲಸ್ ಪ್ಲಸ್ ಕೋಡ್‌ನ ಲೋಕಲ್ ವೇರಿಯಬಲ್‌ಗಳನ್ನು ಕಂಪೈಲರ್ ಮೂಲಕವೇ ಸೊನ್ನೆ ಮಾಡುವ ಏರ್ಪಾಡನ್ನು ಗೂಗಲ್ ವಿಸ್ತರಿಸಿತು.

ಹಾಗಾದರೆ ಎಲ್ಲ ಕಡೆ ಸೊನ್ನೆ ಇಟ್ಟರೆ ಸಾಕೇ? ಸಾಲದು. ಗುಣಲಬ್ಧ ಲೆಕ್ಕ ಹಾಕುವ ವೇರಿಯಬಲ್ 1ರಿಂದ ಶುರುವಾಗಬೇಕು, ಸೊನ್ನೆಯಿಂದ ಶುರುವಾದರೆ ಉತ್ತರ ಯಾವಾಗಲೂ ಸೊನ್ನೆಯೇ.

ಏನು ಮಾಡಬೇಕು?

• ವೇರಿಯಬಲ್ ಘೋಷಿಸುವಾಗಲೇ ಬೆಲೆ ಕೊಡಿ. ಸಿ ಪ್ಲಸ್ ಪ್ಲಸ್‌ನಲ್ಲಿ ಇಂಟ್ ವೇರಿಯಬಲ್‌ನ ಹೆಸರಿನ ಮುಂದೆ ಖಾಲಿ ಪುಷ್ಪಾವರಣ {} ಹಾಕಿದರೂ ಸೊನ್ನೆ ಖಚಿತ.
• ಕಂಪೈಲರ್‌ನ ಎಚ್ಚರಿಕೆಗಳನ್ನು ಆನ್ ಮಾಡಿ, ಓದಿ. ಅದು ಎಲ್ಲವನ್ನೂ ಹಿಡಿಯುವುದಿಲ್ಲ. ವಾಲ್‌ಗ್ರಿಂಡ್‌ನಂಥ ಉಪಕರಣ ಇನ್ನಷ್ಟು ಹಿಡಿಯುತ್ತದೆ.
• ಒಂದು ಭಾಷೆಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಬೇಡಿ. ಗೋ ಭಾಷೆ ತಾನೇ ಸೊನ್ನೆ ಇಡುತ್ತದೆ. ಜಾವಾ ಮತ್ತು ರಸ್ಟ್‌ನಲ್ಲಿ ಬೆಲೆಯಿಲ್ಲದ ಲೋಕಲ್ ವೇರಿಯಬಲ್ ಬಳಸಿದರೆ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ.

ನಮ್ಮ ತೀರ್ಮಾನ: ಸಿ ಮತ್ತು ಸಿ ಪ್ಲಸ್ ಪ್ಲಸ್‌ನ ಮಟ್ಟಿಗೆ "ತಾನಾಗಿಯೇ ಸೊನ್ನೆ" ಎಂಬುದು ದಾರಿ ತಪ್ಪಿಸುವ ಮಾತು. ಆ ಸಂದೇಶ ನಿಮ್ಮ ಗುಂಪಿಗೂ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಯಾವ ಭಾಷೆ, ಯಾವ ವೇರಿಯಬಲ್?