ದೇವರ ಹಣದ ಕಿರ್ದಿ ಪುಸ್ತಕ

ನಿವೃತ್ತನಾದ ಮೇಲೂ ಯರಗಟ್ಟಿಯ ನನ್ನ ಮನೆಯ ಪಡಸಾಲೆಗೆ ಹಳೆಯ ವಿದ್ಯಾರ್ಥಿಗಳು ಬಂದು ಹೋಗುತ್ತಿರುವುದು ನನ್ನ ಭಾಗ್ಯವೆಂದೇ ತಿಳಿದಿದ್ದೇನೆ. ಒಬ್ಬನು ಮಗಳ ಲಗ್ನಪತ್ರಿಕೆ ತರುತ್ತಾನೆ. ಇನ್ನೊಬ್ಬನು ಹೊಲದ ಉತಾರದ ತಕರಾರು ತರುತ್ತಾನೆ. ಎರಡು ವರ್ಷಗಳ ಹಿಂದೆ ಒಬ್ಬನು ಕೆಂಪು ಅರಿವೆಯ ರಟ್ಟಿನ ಕಿರ್ದಿ ಪುಸ್ತಕವೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದನು. ಅವನ ಹೆಸರನ್ನೂ ಊರನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹಿಡಿದವರು ದಯವಿಟ್ಟು ಸುಮ್ಮನಿರಬೇಕು. ಈ ಭಾಗದ ಒಂದು ಸಣ್ಣ ಕ್ರೈಸ್ತ ಸಭೆಗೆ ಅವನು ಖಜಾಂಚಿ.

“ಸರ್, ನಮ್ಮ ಸಭಾದಾಗ ಹೊಸಾ ಗುಡಿ ಕಟ್ಟಬೇಕಂತ ಹತ್ತ ವರ್ಷದಿಂದ ಮಾತು ನಡದೈತ್ರಿ. ಈಗ ಮುಂಬಯಿದಾಗ ಇರೋ ದೊಡ್ಡ ವ್ಯಾಪಾರಸ್ಥರೊಬ್ಬರು ಪೂರಾ ಖರ್ಚು ನಾನs ಕೊಡ್ತೀನಿ ಅಂದಾರ. ಹಿರಿಯರು ಹೂಂ ಅನ್ನಾಕ ತಯಾರಾಗ್ಯಾರ. ನನಗ ಯಾಕೋ ಬರೋಬ್ಬರಿ ಅನಸವಲ್ದು” ಎಂದನು. ಪುಸ್ತಕ ತೆರೆದು ತೋರಿಸಿದನು. ಮುಂಬಯಿಯ ಸುದ್ದಿ ಹಬ್ಬಿದ ವಾರದಿಂದ ಭಾನುವಾರದ ಕಾಣಿಕೆ ಇಳಿಯುತ್ತ ಬಂದಿತ್ತು. ಯಾರೂ ಜಗಳವಾಡಿರಲಿಲ್ಲ, ಯಾರೂ ಸಭೆ ಬಿಟ್ಟಿರಲಿಲ್ಲ. ಚೀಲಕ್ಕೆ ಹಾಕುವ ಕೈ ಮಾತ್ರ ಹಿಂದೆ ಸರಿದಿತ್ತು. “ನೀವು ನಮಗ ಇತಿಹಾಸ ಕಲಿಸಿದವರು. ಇದಕ್ಕೇನಾರ ಇತಿಹಾಸದೊಳಗ ದಾರಿ ಐತೇನ್ರಿ?”

ನಾನು ಆ ಮತದವನಲ್ಲ. ಆದರೆ ಧಾರವಾಡದಲ್ಲಿ ಮಿಶನ್ ಶಾಲೆಯಲ್ಲಿ ಓದಿದವನಾದುದರಿಂದ ಅವರ ಶಾಸ್ತ್ರವು ನನಗೆ ತೀರ ಅಪರಿಚಿತವೂ ಅಲ್ಲ. ಅಂದು ಅವನಿಗೆ ಚಹಾ ಆರುವವರೆಗೆ ಹೇಳಿದ್ದನ್ನು, ಬಿಟ್ಟುಹೋದ ಕೆಲವು ಸಂಗತಿಗಳನ್ನು ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲಿಗೆ ಅವನದೇ ಗ್ರಂಥದ ಒಂದು ಪ್ರಸಂಗವನ್ನು ನೆನಪಿಸಿದೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಒಂದು ಜಗಳದ ವರ್ಣನೆಯಿದೆ. ಜಗಳಕ್ಕೆ ಕಾರಣ ತತ್ತ್ವವಲ್ಲ, ಊಟ. ಯೆರೂಸಲೇಮಿನ ಮೊದಲ ಸಭೆಯಲ್ಲಿ ವಿಧವೆಯರಿಗೆ ದಿನವೂ ಆಹಾರ ಹಂಚುತ್ತಿದ್ದರು. ಗ್ರೀಕ್ ಮಾತನಾಡುವ ವಿಧವೆಯರಿಗೆ ಪಾಲು ಸರಿಯಾಗಿ ಸಿಕ್ಕುತ್ತಿಲ್ಲವೆಂದು ಗೊಣಗಾಟ ಎದ್ದಿತು. ಅಪೊಸ್ತಲರು ತಾವೇ ಸೌಟು ಹಿಡಿಯಲಿಲ್ಲ. ಗೊಣಗಿದವರ ಬಾಯಿಯನ್ನೂ ಮುಚ್ಚಿಸಲಿಲ್ಲ. ಒಳ್ಳೆಯ ಹೆಸರುಳ್ಳ ಏಳು ಜನರನ್ನು ನೀವೇ ಆರಿಸಿರಿ, ಈ ಕೆಲಸವನ್ನು ಅವರಿಗೆ ವಹಿಸೋಣ ಎಂದು ಸಭೆಗೇ ಬಿಟ್ಟರು. ಆರಿಸಲ್ಪಟ್ಟ ಏಳು ಹೆಸರುಗಳನ್ನು ನೋಡಿದರೆ ಎಲ್ಲವೂ ಗ್ರೀಕ್ ಹೆಸರುಗಳೇ. ಅಂದರೆ ದೂರು ಯಾರ ಕಡೆಯಿಂದ ಬಂದಿತ್ತೋ ಉಗ್ರಾಣದ ಕೀಲಿಕೈ ಅವರ ಕೈಗೇ ಹೋಯಿತೆಂದು ತೋರುತ್ತದೆ. ಅವರಲ್ಲಿ ಒಬ್ಬನಾದ ಸ್ತೆಫನನು ಮುಂದೆ ಆ ಧರ್ಮದ ಮೊದಲ ಹುತಾತ್ಮನಾದನು. ಇನ್ನೊಬ್ಬನಾದ ಫಿಲಿಪ್ಪನು ಸಮಾರ್ಯಕ್ಕೆ ಹೋಗಿ ಬೋಧಿಸಿದನು. ಇಬ್ಬರನ್ನೂ ಸಭೆಯು ಮೊದಲು ಗುರುತಿಸಿದ್ದು ಹಂಚಿಕೆಯ ಪಂಕ್ತಿಯಲ್ಲಿ.

ಪೌಲನೂ ಹಣದ ವಿಷಯದಲ್ಲಿ ಬಹಳ ಎಚ್ಚರದವನು. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹ ಮಾಡುವಾಗ, ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಶಕ್ತಿಗೆ ತಕ್ಕಂತೆ ತೆಗೆದಿಡಬೇಕೆಂದು ಕೊರಿಂಥದವರಿಗೆ ತಿಳಿಸಿದನು. ಕೂಡಿದ ಹಣವನ್ನು ಒಯ್ಯುವವರನ್ನು ಆರಿಸುವ ಅಧಿಕಾರವನ್ನು ಸಭೆಗಳಿಗೇ ಕೊಟ್ಟನು. ಅಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ತನ್ನ ಮೇಲೆ ಯಾರೂ ಬೆರಳು ತೋರಿಸಬಾರದು, ದೇವರ ಮುಂದಷ್ಟೇ ಅಲ್ಲ ಮನುಷ್ಯರ ಮುಂದೆಯೂ ಲೆಕ್ಕ ಸರಿಯಿರಬೇಕು ಎಂಬುದು ಅವನ ಕಾಳಜಿ. ನಮ್ಮ ಮಠಮಾನ್ಯಗಳ ಕಾರ್ಯದರ್ಶಿಗಳೂ ಓದಿಕೊಳ್ಳಬಹುದಾದ ಮಾತಿದು. ಇರಲಿ.

ಇನ್ನು ನಮ್ಮ ನಾಡಿಗೆ ಬರೋಣ. ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಇವರು 1834ರಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ನಮ್ಮ ಸೀಮೆಯಲ್ಲಿ ಅವರ ಠಾಣ್ಯಗಳು ಎದ್ದವು. ಅವರು ಕನ್ನಡಕ್ಕೆ ಮಾಡಿದ ಸೇವೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ: ಮೋಗ್ಲಿಂಗರ 1843ರ ‘ಮಂಗಳೂರ ಸಮಾಚಾರ’, ಕಿಟ್ಟೆಲ್ಲರ 1894ರ ನಿಘಂಟು. ಆದರೆ ಅವರ ಹಣದ ಕಥೆಯನ್ನು ತರಗತಿಯಲ್ಲಿ ಹೇಳಿರಲಿಲ್ಲ.

ಮತಾಂತರಗೊಂಡವನು ಅಂದು ಜಾತಿಯನ್ನಷ್ಟೇ ಅಲ್ಲ, ಮನೆ, ಹೊಲ, ಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದನು. ಅವನಿಗೆ ಅನ್ನದ ದಾರಿ ತೋರಿಸುವುದು ಮಿಶನ್ನಿನ ಹೊಣೆಯಾಯಿತು. ಬೆಟಗೇರಿಯ ಸಮೀಪ ಮಲಸಮುದ್ರದಲ್ಲಿ ಜಮೀನು ಪಡೆದು ಒಕ್ಕಲುತನದ ಒಂದು ಕ್ರೈಸ್ತ ವಸಾಹತು ಕಟ್ಟಲು ನೋಡಿದರು; ಅದು ಕೈಗೂಡಲಿಲ್ಲ. ಮಂಗಳೂರಿನಲ್ಲಿ ಹಾಲರ್ ಎಂಬವರು 1851ರಲ್ಲಿ ನೇಯ್ಗೆಯನ್ನು ವ್ಯವಸ್ಥಿತಗೊಳಿಸಿದರು. ಖಾಕಿ ಬಣ್ಣ ಅಲ್ಲಿಯದೆಂಬ ಮಾತೂ ಇದೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚಿನ ಸೂರಿನ ಕೆಳಗೆ ಕುಳಿತು ಅಕ್ಷರ ಕಲಿತವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಮಳೆಗಾಲದಲ್ಲಿ ಒಡೆದ ಹೆಂಚಿನ ಕೆಳಗೆ ಬೆಂಚು ಸರಿಸುತ್ತಿದ್ದುದೂ ಅವರಿಗೆ ನೆನಪಿರಬಹುದು.

ಕಾರ್ಖಾನೆಗಳು ಲಾಭ ಗಳಿಸಿದವು, ಸಾವಿರಾರು ಜನರಿಗೆ ಕೂಲಿ ಕೊಟ್ಟವು. ಒಳ್ಳೆಯದೇ ಆಯಿತು. ಆದರೆ ಒಂದು ತೊಡಕು ಒಳಗೇ ಬೆಳೆಯಿತು. ಬೋಧಿಸುವವರೂ ಸಂಬಳ ಕೊಡುವವರೂ ಒಂದೇ ಮನೆಯವರಾದರು. ಶಾಲೆ, ದವಾಖಾನೆ, ಉಪದೇಶಿಯ ಪಗಾರ, ದೇವಾಲಯದ ಸುಣ್ಣಬಣ್ಣ, ಎಲ್ಲದರ ಕೊನೆಯ ಅಪ್ಪಣೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಮಿತಿಯಿಂದ ಬರಬೇಕು. ಸಭೆಗಳಲ್ಲಿ ದೇಶೀಯ ಹಿರಿಯರಿದ್ದರು, ದೇಶೀಯ ಪಾಲಕರೂ ಇದ್ದರು; ಜಾಣರು, ಭಕ್ತರು. ಆದರೆ ಖರ್ಚಿಗೆ ಅಪ್ಪಣೆ ಕೊಡುವ ಕೈ ಅವರದಾಗಿರಲಿಲ್ಲ. ಸಭೆಗಳು ತಮ್ಮ ಕಾಲ ಮೇಲೆ ನಿಲ್ಲಬೇಕು, ತಮ್ಮನ್ನು ತಾವೇ ಆಳಿಕೊಳ್ಳಬೇಕು ಎಂಬ ವಿಚಾರವನ್ನು ಇಂಗ್ಲೆಂಡಿನ ಹೆನ್ರಿ ವೆನ್, ಅಮೆರಿಕದ ರೂಫಸ್ ಆಂಡರ್ಸನ್ ಇವರು ಆ ಶತಮಾನದ ನಡುವಿನಲ್ಲೇ ಮಂಡಿಸಿದ್ದರು. ಮಾತು ಎಲ್ಲರಿಗೂ ಒಪ್ಪಿಗೆಯಾಗಿತ್ತು. ಆಚರಣೆ ಮಾತ್ರ ಮುಂದಿನ ವರ್ಷಕ್ಕೆ, ಮತ್ತೆ ಅದರ ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದ ಪ್ರಜೆಗಳಾದರು. ಅವರನ್ನು ಅಹಮದನಗರದ ಶಿಬಿರದಲ್ಲಿ ಇಟ್ಟು ಆಮೇಲೆ ದೇಶದಿಂದ ಕಳಿಸಲಾಯಿತು. ಕಾರ್ಖಾನೆಗಳು ಸರಕಾರದ ಹತೋಟಿಗೆ ಹೋಗಿ ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು. ಎಂಟು ದಶಕ ಯಾವ ಕೈ ಎಲ್ಲವನ್ನೂ ನಡೆಸಿತ್ತೋ ಆ ಕೈ ಒಮ್ಮೆಗೇ ಇಲ್ಲವಾಯಿತು. ಬೇರೆ ಮಿಶನ್ನುಗಳೂ ಸ್ವಿಸ್ ಸ್ನೇಹಿತರೂ ನೆರವಾದರೆಂಬುದು ನಿಜ. ಆದರೆ ಭಾನುವಾರ ಬೆಳಿಗ್ಗೆ ಗಂಟೆ ಬಾರಿಸಿ ಬಾಗಿಲು ತೆರೆಯಬೇಕಾದವರು, ಉಪದೇಶಿಯ ಮನೆಗೆ ಜೋಳ ತಲುಪಿತೇ ಎಂದು ನೋಡಬೇಕಾದವರು ಊರಿನ ಹಿರಿಯರೇ. ಬಾಸೆಲಿನವರು 1920ರ ದಶಕದಲ್ಲಿ ಮರಳಿ ಬಂದಾಗ ಸಭೆಗಳು ಮೊದಲಿನ ಮಕ್ಕಳಾಗಿ ಉಳಿದಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ, 1947ರ ಸಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪನೆಯಾಗುವ ಹೊತ್ತಿಗೆ ದೇಶೀಯ ನಾಯಕರು ಕಂಡದ್ದಕ್ಕೆ ಇಂಥ ಬರಗಾಲದ ವರ್ಷಗಳೂ ಒಂದು ಕಾರಣ.

ಇಷ್ಟು ಕೇಳಿ ನನ್ನ ಶಿಷ್ಯನು, “ಹಂಗಾದ್ರ ದೊಡ್ಡ ದಾನ ತೊಗೊಳ್ಳೋದs ತಪ್ಪೇನ್ರಿ?” ಎಂದನು.

ಹಾಗೆನ್ನಲು ನನಗೆ ನಾಲಿಗೆ ಬರಲಿಲ್ಲ. ಏಕೆಂದರೆ ನಮ್ಮ ನೆರೆಯ ಸಿರಸಂಗಿಯ ಲಿಂಗರಾಜ ದೇಸಾಯಿಯವರ ನೆಲದಲ್ಲಿ ಕುಳಿತು ಹಾಗೆ ಹೇಳಲಾಗದು. 1906ರಲ್ಲಿ ತೀರಿಕೊಂಡ ಆ ಮಹನೀಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಮೃತ್ಯುಪತ್ರ ಮಾಡಿ ಬಿಟ್ಟುಹೋದರು. ಆ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಎಷ್ಟು ಬಡ ಹುಡುಗರು ಧಾರವಾಡ, ಪುಣೆ, ಮುಂಬಯಿಗಳನ್ನು ಕಂಡರು! ಅದಕ್ಕಿಂತ ದೊಡ್ಡ ದಾನ ಈ ಸೀಮೆಯಲ್ಲಿ ನನಗೆ ಗೊತ್ತಿಲ್ಲ. ಆದರೆ ಆ ದಾನವು ಮನುಷ್ಯರನ್ನು ಬೆಳೆಸಲು ಹೋಯಿತು. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು. ಅವರನ್ನು ನಾವು ಸಪ್ತರ್ಷಿಗಳೆನ್ನುತ್ತೇವೆ. ಅಲ್ಲಿಯೂ ಏಳು, ಯೆರೂಸಲೇಮಿನಲ್ಲಿಯೂ ಏಳು. ಕಾಕತಾಳೀಯವೇ ಇರಬಹುದು, ಮೇಷ್ಟ್ರ ಮನಸ್ಸಿಗೆ ಇಂಥವು ಬೇಗ ಹೊಳೆಯುತ್ತವೆ. ಮುಂಬಯಿಯ ದಾನಿ ಗೋಡೆಯನ್ನೂ ಕೊಡುತ್ತೇನೆ, ಸೂರನ್ನೂ ಕೊಡುತ್ತೇನೆ, ಬಾಗಿಲಿನ ಚಿಲಕವನ್ನೂ ಕೊಡುತ್ತೇನೆ ಎಂದರೆ ನಿಮ್ಮ ಸಭೆಯವರು ಮಾಡಲು ಉಳಿಯುವುದೇನು, ಅದನ್ನು ಯೋಚಿಸು ಎಂದೆ.

ಕೊನೆಗೆ ಹೇಳಿದ ಕಥೆ ಅವನಿಗೆ ಹಿಡಿಸಿತು. ಅದು ಇಂಗ್ಲೆಂಡಿನ ಬ್ರಿಸ್ಟಲ್ ಊರಿನದು. ನಮಗೇನು ಸಂಬಂಧವೆಂದು ಕೇಳಬೇಡಿ. ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಶನ್ನಿನವರಿದ್ದರು. 1904ರಲ್ಲಿ ಅವರು ಆ ಕ್ಷೇತ್ರವನ್ನು ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿದರು. ಬೆಳಗಾವಿ ಸೀಮೆಗೆ ಬಂದ ಆ ಮೆಥೋಡಿಸ್ಟ್ ಪದ್ಧತಿಯ ಬೇರು ಈ ಕಥೆಯಲ್ಲಿದೆ.

ಜಾನ್ ವೆಸ್ಲಿಯ ಅನುಯಾಯಿಗಳು ಬ್ರಿಸ್ಟಲಿನಲ್ಲಿ 1739ರಲ್ಲಿ ಒಂದು ಸಭಾಗೃಹ ಕಟ್ಟಲು ತೊಡಗಿ ಸಾಲದಲ್ಲಿ ಬಿದ್ದರು. 1742ರ ಫೆಬ್ರವರಿಯಲ್ಲಿ ಸಾಲ ತೀರಿಸುವ ಬಗೆಯನ್ನು ಆಲೋಚಿಸಲು ಕೂಡಿದಾಗ ಫಾಯ್ ಎಂಬ ಒಬ್ಬ ಕ್ಯಾಪ್ಟನ್ ಎದ್ದು, ಸಾಲ ತೀರುವವರೆಗೆ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡೋಣವೆಂದನು. ಆಗ ಒಂದು ಪೌಂಡಿಗೆ 240 ಪೆನ್ನಿ, ಸಣ್ಣ ಕಾಸು. ಆದರೂ ಅಷ್ಟನ್ನು ಸಹ ಕೊಡಲಾರದ ಬಡವರಿದ್ದಾರೆಂದು ಯಾರೋ ಹೇಳಿದರು. ಅದಕ್ಕೆ ಅವನು, ಹಾಗಾದರೆ ಅತ್ಯಂತ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಹಾಕಿರಿ. ಕೊಟ್ಟರೆ ಸರಿ, ಕೊಡದಿದ್ದರೆ ಅವರ ಪಾಲನ್ನು ನಾನೇ ತುಂಬುತ್ತೇನೆ. ನೀವೂ ಒಬ್ಬೊಬ್ಬರು ಹನ್ನೊಂದು ಮನೆಗಳನ್ನು ಹಿಡಿಯಿರಿ ಎಂಬರ್ಥದ ಮಾತನ್ನಾಡಿದನು.

ಹಾಗೆಯೇ ನಡೆಯಿತು. ವಾರವಾರ ಪೆನ್ನಿ ಎತ್ತಲು ಹೋದವರು ಬಾಗಿಲಲ್ಲಿ ನಿಂತು ಬರಿಗೈ ಚಾಚಿ ಬರಲಾದೀತೇ? ಈ ಮನೆಯಲ್ಲಿ ಗಂಡ ಕುಡಿಯುತ್ತಾನೆ, ಆ ಮನೆಯಲ್ಲಿ ಜಗಳ, ಇನ್ನೊಂದರಲ್ಲಿ ಮಗು ಹಾಸಿಗೆ ಹಿಡಿದಿದೆ ಎಂಬ ಸುದ್ದಿಯನ್ನು ವೆಸ್ಲಿಗೆ ತಂದರು. ತಾನು ಬಹುಕಾಲ ಹುಡುಕುತ್ತಿದ್ದುದು ಇದೇ ಎಂದು ಅವನಿಗೆ ಹೊಳೆಯಿತು. ಹಣ ಎತ್ತುವವರೇ ಮನೆಮನೆಯ ಕ್ಷೇಮ ನೋಡುವವರಾದರು. ಹೀಗೆ ಹುಟ್ಟಿದ ಗುಂಪುಗಳಿಗೆ ಅವರು ‘ಕ್ಲಾಸ್’ ಎಂದು ಹೆಸರಿಟ್ಟರು. ಅದರ ನಾಯಕರಲ್ಲಿ ಹೆಣ್ಣುಮಕ್ಕಳೂ ಇದ್ದರು. ಕಟ್ಟಡದ ಸಾಲ ತೀರಿಸಲು ಮಾಡಿದ ಹಂಚಿಕೆ ಒಂದು ಸಮಾಜದ ಬೆನ್ನೆಲುಬಾಯಿತು.

ಅವನು ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಹೋದನು. ಸಭೆಯಲ್ಲಿ ಇಡೀ ವರ್ಷದ ಜಮಾಖರ್ಚನ್ನು ಎಲ್ಲರೆದುರು ಓದಿದನಂತೆ. ಮುಂದಿನ ವರ್ಷದ ಅಂದಾಜನ್ನು ಮೊದಲ ಸಲ ಹಲಗೆಯ ಮೇಲೆ ಬರೆದು, ಪಾಲಕರ ಸಂಬಳ ಇಷ್ಟು, ಬಡವರ ನಿಧಿ ಇಷ್ಟು, ಕಟ್ಟಡ ಇಷ್ಟು ಎಂದು ಎಲ್ಲರ ಬಾಯಿಂದಲೇ ತೀರ್ಮಾನ ಮಾಡಿಸಿದನಂತೆ. ಕಾಣಿಕೆ ಎಣಿಸುವಾಗ ಇಬ್ಬರು ಇರಬೇಕು, ಇಬ್ಬರ ರುಜುವೂ ಬೀಳಬೇಕು. ಮನೆಗಳನ್ನು ಹನ್ನೆರಡರಂತೆ ಪಾಲು ಮಾಡಿ ಪ್ರತಿ ಪಾಲಿಗೆ ಒಬ್ಬರನ್ನು ನಿಲ್ಲಿಸಿದರು. ಮುಂಬಯಿಯವರಿಗೆ, ಗೋಡೆ ನಾವು ಏಳಿಸುತ್ತೇವೆ, ಸೂರಿಗೆ ನೀವು ನೆರವಾಗಿರಿ ಎಂದು ಕಾಗದ ಬರೆದರು.

ಇಲ್ಲಿಯವರೆಗೆ ಓದಿ ಎಲ್ಲವೂ ಸುಸೂತ್ರವಾಯಿತೆಂದು ತಿಳಿಯಬೇಡಿರಿ. ಮುಂಬಯಿಯವರು ಅಸಮಾಧಾನಗೊಂಡು ಮಾತನ್ನು ಹಿಂದೆಗೆದುಕೊಂಡರು. ಇಬ್ಬರು ಹಿರಿಯರು ಇಂದಿಗೂ ನನ್ನ ಶಿಷ್ಯನೊಡನೆ ಮಾತಾಡುವುದಿಲ್ಲ. ಮನೆಗೆ ಬಂದ ಲಕ್ಷ್ಮಿಯನ್ನು ಖಜಾಂಚಿಯೇ ಹೊರಗೆ ಹಾಕಿದನೆಂದು ಅವರ ಸಿಟ್ಟು. ಕಟ್ಟಡದ ಪಾಯ ಮಾತ್ರ ಮುಗಿದಿದೆ. ಮಳೆಗಾಲದಲ್ಲಿ ಹಳೆಯ ದೇವಾಲಯ ಸೋರುತ್ತಲೇ ಇದೆ. ಒಬ್ಬ ಹೊರಗಿನ ಮೇಷ್ಟ್ರ ಮಾತು ಕೇಳಿ ಅವರು ಕೈಗೆ ಬಂದುದನ್ನು ಕಳೆದುಕೊಂಡರೇ ಎಂಬ ಅಳುಕು ನನ್ನನ್ನು ಅನೇಕ ರಾತ್ರಿ ಕಾಡಿದೆ, ಅದನ್ನು ಮುಚ್ಚಿಡಲಾರೆ.

ಹೋದ ಸುಗ್ಗಿಯ ಹಬ್ಬವಾದ ಮೇಲೆ ಅವನು ಮತ್ತೆ ಬಂದನು. ಸುಗ್ಗಿಯ ಆರಾಧನೆಗೆ ಜನರು ತಂದ ಜೋಳ, ಕಡಲೆ, ಕುಂಬಳಕಾಯಿ, ಕೋಳಿಗಳನ್ನು ಹರಾಜು ಹಾಕಿ ಬಂದ ಹಣದ ಲೆಕ್ಕ ತೋರಿಸಿದನು. ಕಾಣಿಕೆ ಮೊದಲಿನ ಮಟ್ಟಕ್ಕೆ ಏರಿತ್ತು, ತುಸು ಮೇಲೆಯೇ ಇತ್ತು. ನಾನು ಮೊತ್ತಗಳನ್ನು ನೋಡುತ್ತ ಹೋಗುವಾಗ ಒಂದು ಪುಟದಲ್ಲಿ ಅಕ್ಷರ ಬದಲಾದದ್ದು ಕಂಡಿತು. “ಇದು ನಿನ್ನ ಅಕ್ಷರ ಅಲ್ಲಲ್ಲೋ?” ಎಂದೆ.

“ಅಲ್ರಿ ಸರ್. ಸಂತ್ಯಾಗ ಕಾಯಿಪಲ್ಲೆ ಮಾರ್ತಾಳಲ್ರಿ, ಆಕಿ ಬರದದ್ದು. ಮೂರನೇ ಪಾಲಿನ ಹನ್ನೆರಡು ಮನಿ ಆಕಿ ಕಡೆ ಅದಾವ. ಈ ವರ್ಷ ಎಣಸಾಕ ನನ್ನ ಜೋಡಿ ಆಕಿನs ಕೂಡ್ತಾಳ. ಹೋದ ತಿಂಗಳ ನನ್ನ ಬೇರೀಜಿನಾಗ 40 ರೂಪಾಯಿ ತಪ್ಪು ಹಿಡದಳ್ರಿ.”

ಕನ್ನಡಕ ಸರಿಪಡಿಸಿಕೊಂಡು ಮತ್ತೆ ನೋಡಿದೆ. ‘ಳ’ ಅಕ್ಷರದ ಬಾಲವನ್ನು ಮೇಲಿನ ಸಾಲಿಗೆ ತಾಗುವಂತೆ ಎಳೆಯುವ ಚಟವೊಂದು ಅಲ್ಲಿತ್ತು. ಏಳನೆಯ ತರಗತಿಗೇ ಶಾಲೆ ಬಿಟ್ಟ ಒಬ್ಬ ಹುಡುಗಿಗೆ ಆ ಚಟವನ್ನು ಬಿಡಿಸಲು ನಾನು ಎರಡು ವರ್ಷ ಕಾಪಿ ಬರೆಸಿದ್ದೆ.