ಬಾಣ, ಶೇರು ಮತ್ತು ಒಂದು ಹಳೆಯ ಕಂಪ್ಯೂಟರ್ ಆಟ

ಶೇರು ಪೇಟೆಯ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಎರಡು ಪಕ್ಷಗಳಾಗುತ್ತವೆ. ಅದು ಜೂಜು, ಹರಾಮ್ ಎಂದು ಹಿರಿಯರು ಮಾತು ಮುಗಿಸುತ್ತಾರೆ. ಅದು ವ್ಯಾಪಾರ, ವ್ಯಾಪಾರ ಹಲಾಲ್ ತಾನೇ ಎಂದು ಕಿರಿಯರು ಮೊಬೈಲ್ ತೆರೆಯುತ್ತಾರೆ. ಜೂಜಾದರೆ ಅದರ ಯಾವ ಭಾಗ ಜೂಜು, ವ್ಯಾಪಾರವಾದರೆ ಎಲ್ಲಿಯವರೆಗೆ ವ್ಯಾಪಾರ ಎಂದು ಇಬ್ಬರೂ ಕೇಳಿಕೊಳ್ಳುವುದಿಲ್ಲ. ಈ ಪ್ರಶ್ನೆಯ ಬೆನ್ನು ಹತ್ತಿದಾಗ ನಮ್ಮ ನೆರವಿಗೆ ಬಂದದ್ದು 1970ರಲ್ಲಿ ಅಮೆರಿಕದ ಶಾಲಾ ಮಕ್ಕಳಿಗಾಗಿ ಬರೆದ ಒಂದು ಸಣ್ಣ ಕಂಪ್ಯೂಟರ್ ಆಟ. ಅದರ ಕಥೆ ಹೇಳಿದರೆ ಈ ಜಗಳ ತೀರುತ್ತದೆಂದಲ್ಲ. ಎಲ್ಲಿ ಜಗಳವಾಡಬೇಕು ಎಂಬುದಾದರೂ ಸ್ಪಷ್ಟವಾದೀತು.

ಆಗ ಮನೆಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ದೊಡ್ಡ ಯಂತ್ರವೊಂದು ದೂರದ ವಿಶ್ವವಿದ್ಯಾನಿಲಯದಲ್ಲೋ ಕಂಪೆನಿಯಲ್ಲೋ ಇರುತ್ತಿತ್ತು. ಶಾಲೆಯಲ್ಲಿದ್ದುದು ಟೆಲಿಟೈಪ್ ಎಂಬ ಗದ್ದಲದ ಟೈಪ್‌ರೈಟರ್. ದೂರವಾಣಿ ತಂತಿಯ ಮೂಲಕ ಅದನ್ನು ದೊಡ್ಡ ಯಂತ್ರಕ್ಕೆ ಜೋಡಿಸುತ್ತಿದ್ದರು. ಪರದೆಯಿಲ್ಲ; ಪ್ರಶ್ನೆ, ಉತ್ತರ ಎರಡೂ ಕಾಗದದ ಸುರುಳಿಯ ಮೇಲೆ ಮುದ್ರಣವಾಗುತ್ತಿದ್ದವು. ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಗಣಿತದ ಪ್ರಾಧ್ಯಾಪಕರು 1964ರಲ್ಲಿ ಬೇಸಿಕ್ ಎಂಬ ಸರಳ ಭಾಷೆಯನ್ನು ರೂಪಿಸಿದ ಮೇಲೆ ಸಾಮಾನ್ಯ ವಿದ್ಯಾರ್ಥಿಗಳೂ ಯಂತ್ರಕ್ಕೆ ಆಜ್ಞೆ ಬರೆಯಲು ಕಲಿತರು. ಬ್ರೂಕ್ಲಿನ್‌ನ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್‌ನ ಲುಡ್ವಿಗ್ ಬ್ರೌನ್ ಎಂಬ ಪ್ರಾಧ್ಯಾಪಕರು ಪ್ರೌಢಶಾಲೆಗಳಿಗೆ ಕಂಪ್ಯೂಟರನ್ನು ತಲುಪಿಸುವ ಹಂಟಿಂಗ್ಟನ್ ಯೋಜನೆಯನ್ನು ನಡೆಸುತ್ತಿದ್ದರು. ನಮ್ಮ ಆಟ ಅವರದೇ ಬಳಗದ್ದು. ಕ್ರಮವಿಧಿಯ ತಲೆಯ ಮೇಲೆ ಡಿ. ಪೆಸೆಲ್, ಎಲ್. ಬ್ರೌನ್, ಸಿ. ಲೋಸಿಕ್ ಎಂಬ ಮೂವರ ಹೆಸರೂ, 1970ರ ಆಗಸ್ಟ್ 18ರಂದು ಪರಿಷ್ಕರಿಸಲಾಗಿದೆ ಎಂಬ ಟಿಪ್ಪಣಿಯೂ ಇವೆ.

ಆಟ ಮನೆಗೆ ಬಂದದ್ದು ಒಂದು ಪುಸ್ತಕದ ಮೂಲಕ. ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪೆನಿಯಲ್ಲಿದ್ದ ಡೇವಿಡ್ ಆಲ್ ಎಂಬವರು ಇಂತಹ ಆಟಗಳನ್ನು ಕಲೆಹಾಕಿ 1973ರಲ್ಲಿ ಪುಸ್ತಕ ಮಾಡಿದರು. ಅದರ 1978ರ ಆವೃತ್ತಿ ಬರುವ ಹೊತ್ತಿಗೆ ಆ್ಯಪಲ್, ಟ್ಯಾಂಡಿ, ಕೊಮೊಡೋರ್ ಕಂಪೆನಿಗಳ ಪುಟ್ಟ ಯಂತ್ರಗಳು ಮನೆಗಳನ್ನು ಸೇರಲಾರಂಭಿಸಿದ್ದವು. ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಕಂಪ್ಯೂಟರ್ ಪುಸ್ತಕ ಎಂಬ ಹೆಸರು ಅದಕ್ಕಿದೆ. ಪುಸ್ತಕದಲ್ಲಿದ್ದುದು ಆಟವಲ್ಲ, ಆಟದ ಬರಹ. ಮಕ್ಕಳು ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಒಂದೊಂದೇ ಸಾಲನ್ನು ತಾವೇ ಟೈಪ್ ಮಾಡಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಆಟ ಓಡುತ್ತಿರಲಿಲ್ಲ. ಓಡಿದ ಮೇಲೆ ಕಂಪೆನಿಗಳ ಹೆಸರು, ಬೆಲೆ, ದಲ್ಲಾಳಿಯ ಪಾಲು ಯಾವುದನ್ನು ಬೇಕಾದರೂ ಬದಲಿಸಿಕೊಳ್ಳಬಹುದಿತ್ತು. ಅಂಗಡಿಯಲ್ಲಿ ಕೊಂಡ ತಿಂಡಿಗೂ ಮನೆಯಲ್ಲಿ ಕರಿದ ತಿಂಡಿಗೂ ಇರುವ ವ್ಯತ್ಯಾಸ ಇಲ್ಲಿಯೂ ಇತ್ತು: ಒಳಗೆ ಏನು ಹಾಕಿದೆ ಎಂದು ಮಾಡಿದವನಿಗೆ ಗೊತ್ತು.

ಆಟದ ಕ್ರಮ ಸರಳ. ನಿಮ್ಮ ಕೈಗೆ ಹತ್ತು ಸಾವಿರ ಡಾಲರ್ ಕೊಡಲಾಗುತ್ತದೆ. ಪೇಟೆಯಲ್ಲಿ ಐದು ಕಂಪೆನಿಗಳಿವೆ. ಅವುಗಳ ಹೆಸರುಗಳಲ್ಲಿ ಆ ಕಾಲದ ಕುಚೋದ್ಯವಿದೆ. ಐಬಿಎಂ ಎಂದರೆ ಅಂತಾರಾಷ್ಟ್ರೀಯ ಕ್ಷಿಪಣಿ ಕಂಪೆನಿ, ಎಬಿಸಿ ಎಂದರೆ ಅಮೆರಿಕದ ದಿವಾಳಿ ಕಂಪೆನಿ, ಸಿಬಿಎಸ್ ಎಂದರೆ ಖಂಡನೆಗೊಳಗಾದ ಪುಸ್ತಕಗಳ ಅಂಗಡಿ. ಅಧ್ಯಕ್ಷ ಲಿಂಡನ್ ಜಾನ್ಸನ್ನರ ಮೊದಲಕ್ಷರಗಳ ಎಲ್‌ಬಿಜೆಗೂ ಇಲ್ಲೊಂದು ಬೋಗಸ್ ಸಂಸ್ಥೆಯಿದೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಕ್ಷಿಪಣಿ ಕಂಪೆನಿಯ ಶೇರು ಕೊಳ್ಳಬೇಕೋ ಬೇಡವೋ ಎಂದು ಹುಡುಗನೊಬ್ಬ ಕ್ಷಣ ಯೋಚಿಸಿದ್ದರೂ ಆಟ ಸಾರ್ಥಕ. ಐದನೆಯದು ಅಮೆರಿಕದ ರೆಡ್‌ಕ್ರಾಸ್! ದಾನ ಸಂಸ್ಥೆಯ ಶೇರನ್ನು ಪೇಟೆಗಿಳಿಸಿದವರ ಧೈರ್ಯ ಕಂಡು ನಮಗೆ ನಗು ಬಂತು.

ಪ್ರತಿದಿನ ಬೆಲೆಪಟ್ಟಿ ಮುದ್ರಣವಾಗುತ್ತದೆ. ಕೊಳ್ಳುವುದಾದರೆ ಕೂಡು ಚಿಹ್ನೆ, ಮಾರುವುದಾದರೆ ಕಳೆ ಚಿಹ್ನೆ ಹಾಕಿ ಸಂಖ್ಯೆ ಕೊಡಬೇಕು. ಕೊಂಡರೂ ಮಾರಿದರೂ ದಲ್ಲಾಳಿಗೆ ಶೇಕಡಾ ಒಂದು. ಈ ಒಂದು ಶೇಕಡಾವನ್ನು ನಾವು ಎಣಿಸಿ ನೋಡಿದೆವು. ಶೇರಿನ ಬೆಲೆ ನೂರು ಡಾಲರ್ ಇರುವಾಗ ಹತ್ತು ಸಾವಿರಕ್ಕೆ ನೂರು ಶೇರು ಬರುವುದಿಲ್ಲ, ತೊಂಬತ್ತೊಂಬತ್ತು ಮಾತ್ರ. ಶೇರಿಗೆ 9,900, ದಲ್ಲಾಳಿಗೆ 99. ಕೈಯಲ್ಲಿ ಉಳಿಯುವುದು ಒಂದು ಡಾಲರ್. ಮರುದಿನ ಬೆಲೆ ಒಂದು ಪೈಸೆಯೂ ಕದಲಿಲ್ಲ ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಮಾರಿದರೆ ಮತ್ತೆ 99 ಹೋಗಿ, ನಿಮ್ಮ ಬಳಿ 9,802 ಇರುತ್ತದೆ. ಪೇಟೆಯಲ್ಲಿ ಏನೂ ನಡೆದಿಲ್ಲ, 198 ಡಾಲರ್ ಮಾಯ! ದಿನವೂ ಹೀಗೆ ಕೊಂಡು ಮಾರುತ್ತಾ ಹೋಗುವವನ ಗತಿ ಏನೆಂದು ಹೇಳಬೇಕಾಗಿಲ್ಲ.

ಇನ್ನು ಬೆಲೆ ಏರಿಳಿಯುವುದು ಹೇಗೆ? ಪೇಟೆಗೆಲ್ಲ ಒಟ್ಟಾಗಿ ಒಂದು ಏರು ಅಥವಾ ಇಳಿಜಾರು ಇರುತ್ತದೆ. ಅದು ಕೆಲವೇ ದಿನಗಳಿಗೊಮ್ಮೆ ಬದಲಾಗುತ್ತದೆ. ಆಗಾಗ ಯಾವುದೋ ಒಂದು ಶೇರು ಹತ್ತು ಡಾಲರ್ ಜಿಗಿಯುತ್ತದೆ, ಇನ್ನೊಂದು ಹತ್ತು ಡಾಲರ್ ಕುಸಿಯುತ್ತದೆ. ಅದರ ಮೇಲೆ ದಿನದಿನದ ಸಣ್ಣ ಅಲುಗಾಟ. ಇವೆಲ್ಲವನ್ನೂ ತೀರ್ಮಾನಿಸುವುದು ಯಂತ್ರ ಮನಬಂದಂತೆ ಆರಿಸುವ ಅಂಕಿಗಳು, ಅಂದರೆ ಕಾಣದ ದಾಳ. ಬೆಲೆಗಳು ಆಕಸ್ಮಿಕವಾಗಿ ಹುಟ್ಟುತ್ತವೆ, ಆದ್ದರಿಂದ ಇದು ನಿಜವಾದ ಪೇಟೆಯ ಯಥಾವತ್ ಚಿತ್ರವಲ್ಲ ಎಂದು ಆಟವೇ ಆರಂಭದಲ್ಲಿ ಒಪ್ಪಿಕೊಳ್ಳುತ್ತದೆ. ಈ ಪ್ರಾಮಾಣಿಕತೆ ನಮಗೆ ಬಹಳ ಹಿಡಿಸಿತು.

ಇಲ್ಲಿ ನಾವು ಸ್ವಲ್ಪ ಹಿಂದಕ್ಕೆ, ಇಸ್ಲಾಮಿಗೆ ಮುಂಚಿನ ಅರೇಬಿಯಾಕ್ಕೆ ಹೋಗಬೇಕಾಗುತ್ತದೆ. ಕುರ್‌ಆನ್ ನಿಷೇಧಿಸಿದ ಜೂಜಿನ ಹೆಸರು ಮೈಸಿರ್. ಸುಲಭ ಎಂಬ ಅರ್ಥದ ಯುಸ್ರ್ ಎಂಬ ಮೂಲದಿಂದ ಅದು ಬಂತೆಂದು ಭಾಷಾ ಪಂಡಿತರು ಹೇಳುತ್ತಾರೆ. ಬೆವರಿಲ್ಲದೆ ದಕ್ಕುವ ಸಂಪತ್ತು. ಅರಬರು ಒಂಟೆಯನ್ನು ಸಾಲಕ್ಕೆ ಕೊಂಡು, ಕೊಯ್ದು, ಪಾಲು ಮಾಡುತ್ತಿದ್ದರು. ಆಮೇಲೆ ಚೀಲದೊಳಗಿನ ಹತ್ತು ಬಾಣಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ಏಳು ಬಾಣಗಳಿಗೆ ಒಂದರಿಂದ ಏಳರವರೆಗೆ ಪಾಲು, ಮೂರು ಬರಿದು. ಬರಿಯ ಬಾಣ ಬಂದವರು ಮಾಂಸವಿಲ್ಲದೆ ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚುವುದನ್ನು ದೊಡ್ಡಸ್ತಿಕೆ ಎಂದು ತಿಳಿದಿದ್ದರು. ಬರಗಾಲದ ಚಳಿಯಲ್ಲಿ ಅದರಿಂದ ಹಸಿದವರ ಹೊಟ್ಟೆ ತುಂಬುತ್ತಿದ್ದುದೂ ಉಂಟು. ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯಾದರೂ ಕೇಡು ಅದಕ್ಕಿಂತ ದೊಡ್ಡದು ಎಂಬ ಅರ್ಥದ ಮಾತು ಅಲ್ ಬಕರ ಅಧ್ಯಾಯದಲ್ಲಿ ಬಂದಿರುವುದನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಬೇಕು.

ಕುತೂಹಲದ ಸಂಗತಿ ಎಂದರೆ, ಇಂದಿನ ಅರಬಿ ಭಾಷೆಯಲ್ಲಿ ಕಂಪೆನಿಯ ಶೇರಿಗೆ ಸಹ್ಮ್ ಎನ್ನುತ್ತಾರೆ. ಆ ಪದದ ಒಂದು ಅರ್ಥ ಬಾಣ! ಹಾಗೆಂದು ಪದದ ಮೂಲ ಹಿಡಿದು ತೀರ್ಪು ಕೊಡಲು ಹೊರಟರೆ ಎಡವುತ್ತೇವೆ. ವಾರಸುದಾರನ ನ್ಯಾಯಬದ್ಧ ಪಾಲಿಗೂ ಸಹ್ಮ್ ಎಂದೇ ಹೆಸರು. ನೋಡಬೇಕಾದದ್ದು ಪಾಲಿನ ಹಿಂದೆ ಏನಿದೆ ಎಂಬುದನ್ನು. ನಿಜವಾದ ಕಂಪೆನಿಯ ಹಿಂದೆ ಕಾರ್ಖಾನೆ, ಕೆಲಸಗಾರ, ಸರಕು, ಲಾಭನಷ್ಟಗಳಿವೆ. ಅದರಲ್ಲಿ ಪಾಲುದಾರನಾಗುವವನು ಹಳೆಯ ಮುಶಾರಕಃದ ಪಾಲುದಾರನ ನೆಂಟ. ಆಟದ ಐದು ಕಂಪೆನಿಗಳ ಹಿಂದೆ ಹೆಸರಲ್ಲದೆ ಏನೂ ಇಲ್ಲ. ಆದರೆ ಆಟದಲ್ಲಿ ಯಾರ ಹಣವೂ ಹೋಗುವುದಿಲ್ಲ. ಅಪಾಯ ಇರುವುದು ನಡುವಣ ಮನುಷ್ಯನಲ್ಲಿ. ಅವನು ನಿಜವಾದ ಹಣ ಹಾಕುತ್ತಾನೆ. ಕಂಪೆನಿ ಏನು ತಯಾರಿಸುತ್ತದೆಂದು ಮಾತ್ರ ಅವನಿಗೆ ತಿಳಿಯದು, ತಿಳಿಯುವ ಅಗತ್ಯವೂ ಇಲ್ಲ. ಅವನ ಪಾಲಿಗೆ ದಲಾಲ್ ಸ್ಟ್ರೀಟೂ 1970ರ ಆ ಯಂತ್ರವೂ ಒಂದೇ.

ಆದರೂ ಆ ಆಟದಲ್ಲಿ ಎರಡು ಕಟ್ಟಳೆಗಳಿದ್ದವು. ನಿಮ್ಮಲ್ಲಿ ಇರುವುದಕ್ಕಿಂತ ಹೆಚ್ಚು ಶೇರು ಮಾರಲು ಹೊರಟರೆ, ಅಷ್ಟು ನಿಮ್ಮಲ್ಲಿಲ್ಲ, ಮತ್ತೆ ಪ್ರಯತ್ನಿಸಿ ಎನ್ನುತ್ತಿತ್ತು. ಇರುವ ಹಣಕ್ಕಿಂತ ಹೆಚ್ಚಿಗೆ ಕೊಳ್ಳಲು ಹೊರಟರೆ, ಎಷ್ಟು ಮೀರಿದ್ದೀರಿ ಎಂದು ತಿಳಿಸಿ ಹಿಂದಕ್ಕೆ ಕಳುಹಿಸುತ್ತಿತ್ತು. ಇಲ್ಲದ್ದನ್ನು ಮಾರುವಂತಿಲ್ಲ, ಸಾಲ ಮಾಡಿ ಕೊಳ್ಳುವಂತಿಲ್ಲ. ಬರೆದವರು ಧರ್ಮಸೂಕ್ಷ್ಮ ನೋಡಿ ಇವನ್ನು ಹಾಕಿದ್ದಲ್ಲ. ಲೆಕ್ಕ ಸುಲಭವಾಗಲಿ ಎಂದಿರಬೇಕು. ಆದರೆ ಓದಿದಾಗ ನಮಗೆ ನೆನಪಾದದ್ದು ಹಕೀಮ್ ಬಿನ್ ಹಿಝಾಮ್(ರ). ಇವರು ಖದೀಜಾ(ರ)ರ ಸಹೋದರನ ಮಗ, ಮಕ್ಕಾದ ಕುಶಲ ವರ್ತಕ. ಗಿರಾಕಿ ಕೇಳಿದ ವಸ್ತು ನನ್ನಲ್ಲಿಲ್ಲದಿದ್ದರೆ, ಮೊದಲು ಮಾರಿ ಆಮೇಲೆ ಪೇಟೆಯಿಂದ ತಂದು ಕೊಡಬಹುದೇ ಎಂದು ಅವರು ಪ್ರವಾದಿ(ಸ)ಯವರಲ್ಲಿ ವಿಚಾರಿಸಿದ್ದರು. ತನ್ನ ಬಳಿ ಇಲ್ಲದ್ದನ್ನು ಮಾರಬಾರದೆಂದು ಪ್ರವಾದಿ(ಸ) ತಡೆದರು.

ಇದು ಕೇವಲ ಮದೀನಾದ ಕಾಳಜಿ ಎಂದುಕೊಳ್ಳಬೇಡಿ. ಶೇರು ಪೇಟೆಯ ತವರಾದ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪೆನಿ 1602ರಲ್ಲಿ ಸ್ಥಾಪನೆಯಾಯಿತು. ಏಳೇ ವರ್ಷಗಳಲ್ಲಿ ಐಸಾಕ್ ಲ ಮೇರ್ ಎಂಬ ವರ್ತಕ ಸಂಗಡಿಗರನ್ನು ಕೂಡಿಕೊಂಡು ತನ್ನಲ್ಲಿ ಇಲ್ಲದ ಶೇರುಗಳನ್ನು ಮುಂದಿನ ದಿನಾಂಕಕ್ಕೆ ಮಾರಿ, ಕಂಪೆನಿಯ ಬಗ್ಗೆ ಕೆಟ್ಟ ಸುದ್ದಿ ಹಬ್ಬಿಸಿ ಬೆಲೆ ಬೀಳಿಸಲು ನೋಡಿದ. 1610ರಲ್ಲಿ ಡಚ್ ಸರಕಾರ ಕೈಯಲ್ಲಿಲ್ಲದ ಶೇರಿನ ಮಾರಾಟವನ್ನು ನಿಷೇಧಿಸಿತು. ಡಚ್ಚರು ಇದಕ್ಕೆ ಗಾಳಿ ವ್ಯಾಪಾರ ಎಂದು ಹೆಸರಿಟ್ಟಿದ್ದರು. ನಿಷೇಧ ಕಾಗದದಲ್ಲೇ ಉಳಿಯಿತು, ಗಾಳಿ ವ್ಯಾಪಾರ ನಡೆಯುತ್ತಲೇ ಹೋಯಿತು.

ಆಟಗಳಲ್ಲೂ ಆ ಎರಡು ಕಟ್ಟಳೆಗಳು ಬಹಳ ದಿನ ಬಾಳಲಿಲ್ಲ. 1980ರ ದಶಕದ ಆರಂಭದಲ್ಲಿ ಬ್ಲೂ ಚಿಪ್ ಎಂಬ ಸಂಸ್ಥೆ ಮಿಲಿಯನೇರ್ ಎಂಬ ಆಟವನ್ನು ಮಾರುಕಟ್ಟೆಗೆ ತಂದಿತು. ಅಲ್ಲೂ ಆರಂಭದ ಬಂಡವಾಳ ಹತ್ತು ಸಾವಿರ ಡಾಲರ್. ಗುರಿ ಹತ್ತು ಲಕ್ಷ. ಆಟಗಾರನ ಆಸ್ತಿ ಬೆಳೆದಂತೆ ಅವನಿಗೆ ಸಾಲದ ಮೇಲೆ ಶೇರು ಕೊಳ್ಳುವ, ಆಪ್ಷನ್ ಆಡುವ ಅವಕಾಶ ತೆರೆದುಕೊಳ್ಳುತ್ತಿತ್ತು. ಮೊದಲ ಆಟದಲ್ಲಿ ತಪ್ಪೆಂದು ತಡೆಯುತ್ತಿದ್ದುದು ಇಲ್ಲಿ ಬಹುಮಾನವಾಯಿತು.

ನಮ್ಮ ದೇಶದ ಪೇಟೆಗೂ ಇದಕ್ಕೂ ಹೋಲಿಕೆಯಿದೆ. ಮುಂಬಯಿಯಲ್ಲಿ ಬದ್ಲಾ ಎಂಬ ಪದ್ಧತಿಯಿತ್ತು. ಶೇರು ಕೊಂಡವನು ಹಣ ಕೊಡದೆ, ಬಡ್ಡಿಯಂತಹ ಒಂದು ಮೊತ್ತ ತೆತ್ತು, ವ್ಯವಹಾರವನ್ನು ಮುಂದಿನ ಅವಧಿಗೆ ದೂಡಬಹುದಿತ್ತು. 2001ರ ಜುಲೈಯಲ್ಲಿ ಸೆಬಿ ಅದನ್ನು ನಿಲ್ಲಿಸಿತು. ಆದರೆ ಅದಕ್ಕೆ ಮುಂಚೆಯೇ, 2000ದ ಜೂನ್‌ನಲ್ಲಿ ಸೂಚ್ಯಂಕದ ಫ್ಯೂಚರ್ಸ್ ಬಂದಿತ್ತು. 2001ರಲ್ಲಿ ಆಪ್ಷನ್‌ಗಳೂ ಬಿಡಿ ಶೇರುಗಳ ಫ್ಯೂಚರ್ಸ್ ಕೂಡ ಬಂದವು. ಹಳೆಯ ಬಾಗಿಲು ಮುಚ್ಚುವ ಹೊತ್ತಿಗೆ ಅದಕ್ಕಿಂತ ಅಗಲವಾದ ಬಾಗಿಲು ತೆರೆದಾಗಿತ್ತು. ಮುಂದೆ ಅದು ಮೊಬೈಲ್ ಮೂಲಕ ಪ್ರತಿ ಜೇಬಿಗೂ ತಲುಪಿತು.

ಫಲವನ್ನು ಸೆಬಿಯೇ ಲೆಕ್ಕ ಹಾಕಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. 2024ರ ಮಾರ್ಚ್‌ಗೆ ಮುಗಿದ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್‌ಗಳಲ್ಲಿ ತೊಡಗಿದ್ದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ಶೇಕಡಾ 93 ಮಂದಿ ನಷ್ಟ ಹೊಂದಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತ್ತು. ದಲ್ಲಾಳಿ, ವಿನಿಮಯ ಕೇಂದ್ರ, ತೆರಿಗೆ ಇತ್ಯಾದಿ ವೆಚ್ಚವೇ ಸುಮಾರು 50,000 ಕೋಟಿ. ಕೊನೆಯ ವರ್ಷದಲ್ಲಿ ಆಡಿದವರಲ್ಲಿ ಶೇಕಡಾ 43 ಮಂದಿ ಮೂವತ್ತು ತುಂಬದವರು. ನಾಲ್ವರಲ್ಲಿ ಮೂವರ ವಾರ್ಷಿಕ ವರಮಾನ ಐದು ಲಕ್ಷಕ್ಕಿಂತ ಕಡಿಮೆ. ಇವರು ನಮ್ಮ ನಿಮ್ಮ ಮನೆಯ ಹುಡುಗರೇ.

ಇಸ್ಲಾಮೀ ಕಾನೂನು ಪಂಡಿತರು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1992ರಲ್ಲೇ ಗೆರೆ ಎಳೆದಿದೆ. ಧರ್ಮಸಮ್ಮತ ಉದ್ಯೋಗದ ಕಂಪೆನಿಯಲ್ಲಿ ಪಾಲು ಕೊಳ್ಳುವುದು ಸಮ್ಮತ. ದಲ್ಲಾಳಿ ಸಾಲ ಕೊಡುತ್ತಾನೆಂಬ ಭರವಸೆಯಲ್ಲಿ ತನ್ನದಲ್ಲದ ಶೇರು ಮಾರುವುದು, ಬಡ್ಡಿಸಾಲದಲ್ಲಿ ಕೊಳ್ಳುವುದು, ಆಪ್ಷನ್ ಒಪ್ಪಂದಗಳು ಸಮ್ಮತವಲ್ಲ. ಮುಂಬಯಿ ಪೇಟೆಯಲ್ಲೇ 2010ರಲ್ಲಿ ಶರೀಅತ್ ಸಮ್ಮತ ಕಂಪೆನಿಗಳ ಒಂದು ಸೂಚ್ಯಂಕವೂ ಆರಂಭವಾಯಿತು. ಅಂದರೆ ಎಲ್ಲವೂ ಹರಾಮ್ ಎನ್ನುವ ಹಿರಿಯರೂ ಎಲ್ಲವೂ ವ್ಯಾಪಾರ ಎನ್ನುವ ಕಿರಿಯರೂ ಈ ತೀರ್ಮಾನವನ್ನು ಓದದೆಯೇ ವಾದ ಹೂಡುತ್ತಿದ್ದಾರೆ. ಅದನ್ನು ನಮ್ಮ ಮಿಂಬರ್‌ಗಳಿಂದ, ಮಹಲ್ಲಾ ಸಭೆಗಳಲ್ಲಿ ಸರಳ ಕನ್ನಡದಲ್ಲಿ ವಿವರಿಸುವ ಕೆಲಸ ಸಾಕಷ್ಟು ಆಗಿಲ್ಲ. ಈ ಮಾತು ಪತ್ರಿಕೆಯವರಾದ ನಮಗೂ ಅನ್ವಯಿಸುತ್ತದೆ.

ಡೇವಿಡ್ ಆಲ್ ತಮ್ಮ ಪುಸ್ತಕಗಳನ್ನು 2022ರಲ್ಲಿ ಸಾರ್ವಜನಿಕರಿಗೆ ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ಹಳೆಯ ಆಟವನ್ನು ಹೊಸ ಕಂಪ್ಯೂಟರ್ ಭಾಷೆಗಳಿಗೆ ಇಳಿಸಿದವರೂ ಇದ್ದಾರೆ. ಪೇಟೆಯ ಲಯ ತಿಳಿಯಬೇಕಾದರೆ ಕನಿಷ್ಠ ಹತ್ತು ದಿನ ಆಡಬೇಕೆಂಬ ಸೂಚನೆ ಅದರಲ್ಲೇ ಇದೆ. ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಕಲಿಯುವ ಮಕ್ಕಳಿದ್ದರೆ ಅದನ್ನು ಅವರೇ ಟೈಪ್ ಮಾಡಲಿ. ಹತ್ತು ದಿನ ಆಡಲಿ; ದಲ್ಲಾಳಿಗೆ ಒಟ್ಟು ಎಷ್ಟು ಹೋಯಿತೆಂದು ಬೇರೊಂದು ಕಾಗದದಲ್ಲಿ ಬರೆದಿಡಲಿ. ಆಮೇಲೆ ಆ ಎರಡು ಕಟ್ಟಳೆಗಳ ಸಾಲುಗಳನ್ನು ಅಳಿಸಿ, ಇನ್ನೊಂದು ಹತ್ತು ದಿನ ಆಡಿ ನೋಡಲಿ.