ನಿಲುವಿನ ಹೋರಾಟ (ನಾರ್ವೆ, 1940–45)

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ವಶದಲ್ಲಿದ್ದ ನಾರ್ವೆಯ ನಾಗರಿಕರು ಆಯುಧವಿಲ್ಲದೆ ನಡೆಸಿದ ಪ್ರತಿರೋಧಕ್ಕೆ ಆ ದೇಶದವರೇ ಇಟ್ಟ ಹೆಸರಿದು. ದಾಳಿ ನಡೆದದ್ದು 1940ರ ಏಪ್ರಿಲ್ 9ರಂದು. ಜೂನ್ ತಿಂಗಳಲ್ಲಿ ದೊರೆ ಏಳನೆಯ ಹೋಕನ್ ಮತ್ತು ಸರ್ಕಾರ ದೇಶ ಬಿಟ್ಟು ಬ್ರಿಟನ್ ಸೇರಿದರು. ಉಳಿದ ಸುಮಾರು 30 ಲಕ್ಷ ಜನ ಶಾಲೆ, ಕಚೇರಿ, ಹೊಲ, ಮೀನಿನ ದೋಣಿ ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ. ತಾವು ಮಾಡುತ್ತಿರುವುದರಲ್ಲಿ ಹೊಟ್ಟೆಪಾಡು ಎಷ್ಟು, ವೈರಿಯ ಚಾಕರಿ ಎಷ್ಟು ಎಂಬ ಲೆಕ್ಕ ಅವರವರ ಪಾಲಿಗೇ ಬಿತ್ತು.

ಈ ಲೆಕ್ಕಕ್ಕೆ ಕಾನೂನಿನ ಆಸರೆಯೂ ಸ್ವಲ್ಪ ಇತ್ತು. ವಶಪಡಿಸಿಕೊಂಡ ನಾಡಿನ ಕಾಯಿದೆಗಳನ್ನು ಸೇನೆ ಆದಷ್ಟೂ ಗೌರವಿಸಬೇಕು, ಅಲ್ಲಿನವರಿಂದ ನಿಷ್ಠೆಯ ಪ್ರಮಾಣ ಮಾಡಿಸಬಾರದು ಎಂದು 1907ರ ಹೇಗ್ ನಿಯಮಗಳು ಹೇಳುತ್ತವೆ. ಜರ್ಮನ್ ಆಡಳಿತ ನ್ಯಾಯಾಲಯದ ಸ್ವಾತಂತ್ರ್ಯಕ್ಕೆ ಕೈಹಾಕಿದಾಗ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು 1940ರ ಡಿಸೆಂಬರ್‌ನಲ್ಲಿ ಹುದ್ದೆ ತೊರೆದರು. ಬೀದಿಯಲ್ಲಿ ಪ್ರತಿಭಟನೆಯ ರೂಪ ಬೇರೆ: ಅಂಗಿಗೆ ಕಾಗದದ ಕ್ಲಿಪ್ಪು, ತಲೆಗೆ ಕೆಂಪು ಟೋಪಿ. ಟ್ರಾಮ್‌ನಲ್ಲಿ ಜರ್ಮನ್ ಸೈನಿಕನ ಪಕ್ಕ ಜಾಗವಿದ್ದರೂ ಜನ ನಿಂತೇ ಪ್ರಯಾಣಿಸುತ್ತಿದ್ದರು. ಸೀಟು ಖಾಲಿಯಿರುವಾಗ ನಿಲ್ಲಕೂಡದೆಂದು ಕೊನೆಗೆ ಆಜ್ಞೆಯೇ ಹೊರಟಿತು.

ಹೋರಾಟ ಮುಗಿಲು ಮುಟ್ಟಿದ್ದು ಶಾಲೆಗಳಲ್ಲಿ. 1942ರ ಫೆಬ್ರವರಿಯಲ್ಲಿ ಜರ್ಮನ್ನರ ಆಸರೆಯಿಂದ ಪ್ರಧಾನಿಯಾದ ನಾರ್ವೆಯ ನಾಜಿಪರ ನಾಯಕ ಕ್ವಿಸ್ಲಿಂಗ್, ಶಿಕ್ಷಕರೆಲ್ಲರೂ ನಾಜಿ ಧಾಟಿಯ ಹೊಸ ಸಂಘದ ಸದಸ್ಯರೆಂದು ಕಾನೂನು ಮಾಡಿದ. ಬಹುಪಾಲು ಶಿಕ್ಷಕರು ಒಂದೇ ಒಕ್ಕಣೆಯ ನಿರಾಕರಣ ಪತ್ರವನ್ನು ಸ್ವಂತ ಹೆಸರು ಹಾಕಿ ಕಳಿಸಿದರು. ಗುಟ್ಟಾಗಿ ಕರಪತ್ರ ಹಂಚುವುದಕ್ಕಿಂತ ಇದಕ್ಕೆ ಹೆಚ್ಚಿನ ಎದೆಗಾರಿಕೆ ಬೇಕು. ಮಾರ್ಚ್‌ನಲ್ಲಿ ಸುಮಾರು 1,100 ಶಿಕ್ಷಕರ ಬಂಧನವಾಯಿತು. ಐನೂರಕ್ಕೂ ಹೆಚ್ಚು ಮಂದಿಯನ್ನು ಹಡಗಿಗೆ ತುಂಬಿ, ಉತ್ತರ ತುದಿಯ ಕಿರ್ಕೆನೆಸ್‌ಗೆ ದುಡಿಮೆಗೆ ಸಾಗಿಸಿದರು. ಆದರೂ ಕ್ವಿಸ್ಲಿಂಗ್ ಬಯಸಿದ ಸಂಘ ಕೈಗೂಡಲಿಲ್ಲ. ನವೆಂಬರ್ ಹೊತ್ತಿಗೆ ಆ ಶಿಕ್ಷಕರು ಮನೆಗೆ ಮರಳಿದ್ದರು.

ಅದೇ ನವೆಂಬರ್ 26ರ ಬೆಳಗಿನ ಜಾವ ಆಸ್ಲೋ ನಗರದ ಯಹೂದಿ ಹೆಂಗಸರು, ಮಕ್ಕಳು, ವೃದ್ಧರನ್ನು ಹಿಡಿದು ತಂದವರು ನಾರ್ವೆಯ ಪೊಲೀಸರೇ. ತಂದದ್ದು ಊರಿನ ಟ್ಯಾಕ್ಸಿಗಳಲ್ಲಿ. 'ಡೊನಾವ್' ಹಡಗು ಅಂದು ಐನೂರಕ್ಕೂ ಹೆಚ್ಚು ಜನರನ್ನು ನಾಜಿಗಳ ಆಶ್‌ವಿಟ್ಸ್ ಮರಣ ಶಿಬಿರದ ದಾರಿ ಹಿಡಿಸಿತು. ಬಿಷಪ್ಪರು ಆ ತಿಂಗಳ ಆರಂಭದಲ್ಲೇ ಕ್ವಿಸ್ಲಿಂಗ್‌ಗೆ ಪ್ರತಿಭಟನೆಯ ಪತ್ರ ಬರೆದಿದ್ದರು. ಅನೇಕ ಯಹೂದಿಗಳನ್ನು ಕಾಡಿನ ಹಾದಿಯಲ್ಲಿ ಸ್ವೀಡನ್‌ಗೆ ದಾಟಿಸಿದವರೂ ನಾರ್ವೆಯವರೇ. ಆದರೆ ತಮ್ಮ ವೃತ್ತಿಯ ಮಾನಕ್ಕಾಗಿ ಕಟ್ಟಿದ ಒಗ್ಗಟ್ಟು ನೆರೆಮನೆಯವರ ಜೀವಕ್ಕಾಗಿ ಅಷ್ಟೇ ಬಿಗಿಯಾಗಿ ನಿಲ್ಲಲಿಲ್ಲ ಎಂಬುದನ್ನು ಅಲ್ಲಗಳೆಯಲಾಗದು.

ಯುದ್ಧಾನಂತರದ ವಿಚಾರಣೆಗಳು ಸುಮಾರು 90,000 ಜನರನ್ನು ಮುಟ್ಟಿದವು. ಕ್ವಿಸ್ಲಿಂಗ್‌ನನ್ನು 1945ರ ಅಕ್ಟೋಬರ್‌ನಲ್ಲಿ ಗುಂಡಿಟ್ಟು ಕೊಂದರು. ಆಸ್ಲೋ ಬಂಧನಗಳನ್ನು ಸಂಘಟಿಸಿದ ಪೊಲೀಸ್ ಅಧಿಕಾರಿ ಕ್ನುಟ್ ರೋಡ್, ಒಳಗೊಳಗೇ ಪ್ರತಿರೋಧದವರಿಗೆ ನೆರವಾಗಿದ್ದನೆಂಬ ವಾದದ ಬಲದಿಂದ ಎರಡು ಸಲ ಖುಲಾಸೆಯಾಗಿ ಪೊಲೀಸ್ ಇಲಾಖೆಗೆ ಹಿಂದಿರುಗಿದ. ಜರ್ಮನ್ ಸೈನಿಕರನ್ನು ಪ್ರೀತಿಸಿದ ಹೆಂಗಸರಿಗೆ ಈ ರಿಯಾಯಿತಿ ಸಿಗಲಿಲ್ಲ. ಯಾವ ಕಾನೂನನ್ನೂ ಮುರಿಯದವರನ್ನು ಸಹ ಕೂಡಿಹಾಕಿದರು. ಯಹೂದಿಗಳ ಬಂಧನಕ್ಕಾಗಿ ನಾರ್ವೆಯ ಪ್ರಧಾನಿ ಕ್ಷಮೆ ಕೇಳಿದ್ದು 2012ರಲ್ಲಿ, ಈ ಹೆಂಗಸರ ಕ್ಷಮೆ ಕೇಳಿದ್ದು 2018ರಲ್ಲಿ.